ಗಡ್ಡೆ ಸುತ್ತ ದೇಹ ಗೋಡೆ ಕಟ್ಟಿದೆ ಅಂತ ನಂಬ್ಕೋಬೇಡಿ

ದಾವಣಗೆರೆಯಿಂದ ಬರೆದಿರೋ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಉದ್ದ ಇದೆ, ಉಳಿದವರಿಗೂ ಗೊತ್ತಾಗ್ಲಿ ಅಂತ ಸಾರ ಮಾತ್ರ ಹಾಕ್ತೀನಿ. ತಾಯಿಗೆ ಅರವತ್ತು ದಾಟಿದೆ, ಬೀಡಿ ಸಿಗರೇಟು ಮುಟ್ಟಿದವರಲ್ಲ, ಕೆಮ್ಮು ನಿಲ್ಲಲಿಲ್ಲ ಅಂತ ಸಿಟಿ ಮಾಡಿಸಿದ್ರೆ ಬಲ ಶ್ವಾಸಕೋಶದಲ್ಲಿ ಗಡ್ಡೆ. ಮೊದಲ ಬಯಾಪ್ಸೀಲಿ (ಗಡ್ಡೆಯಿಂದ ಸೂಜೀಲಿ ತುಣುಕು ತೆಗೆದು ಮಾಡೋ ಪರೀಕ್ಷೆ) ಬರೀ ಫೈಬ್ರೋಸಿಸ್ ಅಂದ್ರೆ ನಾರು ಬೆಳೆದಿರೋದು, ಇನ್‌ಫ್ಲಮೇಶನ್ ಅಂದ್ರೆ ಉರಿಯೂತ, ಕ್ಯಾನ್ಸರ್ ಕೋಶ ಕಂಡಿಲ್ಲ ಅಂತ ಬಂತು, ನೀವು ಹರಕೆ ತೀರಿಸಿ ಬಂದ್ರಿ. ಎರಡನೇದ್ರಲ್ಲಿ ಅಡಿನೊಕಾರ್ಸಿನೋಮ ಅನ್ನೋ ಥರದ ಕ್ಯಾನ್ಸರ್, ಜೊತೆಗೆ ಡೆಸ್ಮೋಪ್ಲಾಸ್ಟಿಕ್ ಸ್ಟ್ರೋಮಾ ಅಂದ್ರೆ ಗಡ್ಡೆ ಸುತ್ತ ಬೆಳೆದ ನಾರಿನ ಅಂಗಾಂಶ ಇದೆ, ಲಿಂಫೋಸೈಟ್‌ಗಳು ಅಂದ್ರೆ ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳು ತುಂಬ್ಕೊಂಡಿವೆ ಅಂತ ಬರೆದಿದ್ದಾರೆ. ನೀವು ಕೇಳಿರೋದು, ಮೊದಲನೇ ಲ್ಯಾಬ್‌ನವ್ರು ಕಣ್ಣು ಮುಚ್ಕೊಂಡು ನೋಡಿದ್ರಾ, ಈ ಸ್ಟ್ರೋಮಾ ಅಂದ್ರೆ ದೇಹ ಗಡ್ಡೆ ಸುತ್ತ ಗೋಡೆ ಕಟ್ಟಿ ಹೋರಾಡ್ತಿದೆ ಅಂತ ತಾನೇ ಅರ್ಥ, ಹಾಗಿದ್ರೆ ಇಮ್ಯುನಿಟಿ ಏರಿಸೋ ಕಷಾಯ ಕೊಡಬಹುದಾ ಅಂತ.

ಚಿಕಿತ್ಸೆ ತೀರ್ಮಾನ ನಿಮ್ಮ ಆಂಕಾಲಜಿಸ್ಟ್ ಅಂದ್ರೆ ಕ್ಯಾನ್ಸರ್ ಡಾಕ್ಟರ್‌ದು, ಅದ್ರಲ್ಲಿ ನಾನು ತಲೆ ಹಾಕಲ್ಲ. ಆದ್ರೆ ಆ ಗೋಡೆ ಅನ್ನೋ ಮಾತಿದೆಯಲ್ಲ, ಅದು ಬಹಳ ಮನೆಗಳಲ್ಲಿ ಕೇಳಿಬರುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ಗಡ್ಡೆ ಅಂದ ತಕ್ಷಣ ಅದ್ರ ತುಂಬ ಕ್ಯಾನ್ಸರ್ ಕೋಶಗಳೇ ಇರ್ತವೆ ಅಂದ್ಕೋತೀವಿ. ಹಾಗಿರಲ್ಲ. ಕೆಲವು ಗಡ್ಡೆಗಳಲ್ಲಂತೂ ಅವೇ ಅಲ್ಪಸಂಖ್ಯಾತರು, ಮಿಕ್ಕಿದ್ದು ನಾರು, ರಕ್ತನಾಳ, ಕಸ ನುಂಗೋ ಮ್ಯಾಕ್ರೋಫೇಜ್ ಕೋಶ, ಲಿಂಫೋಸೈಟ್, ಅಂದ್ರೆ ನಿಮ್ಮ ತಾಯಿಯದೇ ಸ್ವಂತ ಸಾಮಾನು. ಹೆರಾಲ್ಡ್ ಡ್ವೊರಾಕ್ ಅಂತ ಅಮೆರಿಕದ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷೆ ಮಾಡೋ ಡಾಕ್ಟರ್) ಒಬ್ರು 1986ರಲ್ಲಿ ಗಡ್ಡೆ ಅನ್ನೋದು ವಾಸಿಯಾಗದ ಗಾಯ ಅಂತ ಬರೆದ್ರು. ಕೈ ಕುಯ್ದುಕೊಂಡ್ರೆ ಏನಾಗುತ್ತೆ? ರಕ್ತನಾಳ ಸೋರುತ್ತೆ, ರಕ್ತದಲ್ಲಿನ ಫೈಬ್ರಿನ್ ಅನ್ನೋ ಪ್ರೋಟೀನ್ ಹೆಪ್ಪುಗಟ್ಟುತ್ತೆ, ಬಿಳಿ ರಕ್ತಕಣ ಬರ್ತವೆ, ಆಮೇಲೆ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಬಂದು ಕೊಲಾಜನ್ ನಾರು ಹಾಕಿ ಮುಚ್ತವೆ, ಕೆಲಸ ಮುಗಿದ ಮೇಲೆ ಎಲ್ಲ ಅಡಗುತ್ತೆ. ಗಡ್ಡೆ ಸುತ್ತ ಶುರುವಾಗೋದೂ ಬಹುಪಾಲು ಇದೇ ಕೆಲಸ, ಅಡಗೋದೊಂದು ಇಲ್ಲ. ಕ್ಯಾನ್ಸರ್ ಕೋಶಗಳು ವಿಇಜಿಎಫ್, ಟಿಜಿಎಫ್-ಬೀಟಾ ಥರದ ಸಂದೇಶ ಬಿಡ್ತಾನೇ ಇರ್ತವೆ, ಸುತ್ತಲಿನ ಅಂಗಾಂಶ ರಿಪೇರಿ ಮಾಡ್ತಾನೇ ಇರುತ್ತೆ. ಹಾಗೆ ಬೆಳೆದ ನಾರಿಗೇ ಡೆಸ್ಮೋಪ್ಲಾಸ್ಟಿಕ್ ಸ್ಟ್ರೋಮಾ ಅನ್ನೋದು.

ನಿಮ್ಮ ಸಿಟಿ ರಿಪೋರ್ಟಲ್ಲಿ ಸ್ಪಿಕ್ಯುಲೇಟೆಡ್ ಅಂಚು ಅಂತ ಇದೆ ಅಂದ್ರಿ, ಅಂದ್ರೆ ಗಡ್ಡೆಯಿಂದ ಮುಳ್ಳುಮುಳ್ಳಾಗಿ ಗೆರೆ ಹೊರಟಿರೋದು. ಅದ್ರಲ್ಲಿ ದೊಡ್ಡ ಪಾಲು ಈ ನಾರಿನ ಎಳೆತದ್ದೇ, ಕೆಲವು ಕಡೆ ಕ್ಯಾನ್ಸರ್ ಕೋಶಗಳೇ ಹಂಗೆ ಚಾಚಿಕೊಂಡೂ ಇರ್ತವೆ. ಅಡಿನೊಕಾರ್ಸಿನೋಮದ ಮೊದಲ ಹಂತದಲ್ಲಿ ಕೋಶಗಳು ಗಾಳಿಗೂಡಿನ ಗೋಡೆ ಮೇಲೆ ಸುಮ್ನೆ ಹರಡಿಕೊಂಡು ಹೋಗ್ತವೆ, ಗೂಡು ಹಾಳಾಗಿರಲ್ಲ, ಸ್ಕ್ಯಾನಲ್ಲಿ ಮಸುಕು ಮಸುಕಾಗಿ ಕಾಣುತ್ತೆ, ಅದನ್ನ ಗ್ರೌಂಡ್ ಗ್ಲಾಸ್ ಅಂತಾರೆ. ಒಳನುಗ್ಗೋಕೆ ಶುರು ಮಾಡಿದ್ಮೇಲೆ ನಾರು ಬೆಳೆದು ಗಟ್ಟಿ ಭಾಗ ಕಾಣ್ಸುತ್ತೆ. ಆದ್ದರಿಂದ ಡೆಸ್ಮೋಪ್ಲಾಸ್ಟಿಕ್ ಅಂತ ಬರೆದ್ರೆ ಪೆಥಾಲಜಿಸ್ಟ್ ಹೇಳ್ತಿರೋದು ಇದು ಒಳನುಗ್ಗಿರೋ ಕ್ಯಾನ್ಸರ್ ಅಂತ, ದೇಹ ತಡೆದು ನಿಲ್ಸಿದೆ ಅಂತಲ್ಲ.

ಮೊದಲ ಬಯಾಪ್ಸಿ ವಿಷಯಕ್ಕೂ ಉತ್ತರ ಇಲ್ಲೇ ಇದೆ. ಸೂಜಿ ತೆಗೆಯೋದು ದಾರದಷ್ಟು ತುಣುಕು. ಅದು ನಾರಿರೋ ಕಡೆನೇ ಬಿತ್ತು ಅಂದ್ರೆ ಫೈಬ್ರೋಸಿಸ್, ಇನ್‌ಫ್ಲಮೇಶನ್ ಅಂತಷ್ಟೇ ಬರೋಕೆ ಸಾಧ್ಯ, ನೋಡಿದವ್ರು ಕಂಡಿದ್ದನ್ನೇ ಬರೆದಿರ್ತಾರೆ. ನನಗೆ ಸಿಟ್ಟು ಬರೋದು ಆ ರಿಪೋರ್ಟ್ ಕೈಗೆ ಕೊಟ್ಟು "ಏನಿಲ್ಲ ಹೋಗಿ" ಅಂತ ಕಳಿಸಿದವ್ರ ಮೇಲೆ. ಸ್ಕ್ಯಾನ್ ಅನುಮಾನ ಹುಟ್ಟಿಸ್ತಿದ್ದು ಬಯಾಪ್ಸಿ ಏನೂ ಹೇಳದಿದ್ರೆ ಇನ್ನೊಂದು ಸಲ ತೆಗೀಬೇಕು, ಅಷ್ಟೇ. ಇದಕ್ಕೆ ತಿರುಗಾಮುರುಗಾ ಆಗೋದೂ ಉಂಟು, ನಮ್ಮ ದೇಶದಲ್ಲಿ ಟಿಬಿ ಬೇರೆ ಇದೆಯಲ್ಲ, ಸಕ್ಕರೆ ಹೆಚ್ಚು ಹೀರೋ ಜಾಗ ತೋರಿಸೋ ಪೆಟ್ ಸ್ಕ್ಯಾನಲ್ಲಿ ಹೊಳೆಯೋ ಲಿಂಫ್ ಗ್ರಂಥಿಗಳೆಲ್ಲ ಕ್ಯಾನ್ಸರ್ ಹರಡಿರೋದೇ ಆಗ್ಬೇಕಿಲ್ಲ, ಉರಿಯೂತದ ಕೋಶಗಳೂ ಸಕ್ಕರೆ ಹೀರ್ತವೆ, ಅವೂ ಹೊಳೀತವೆ. ಅದಕ್ಕೇ ಸ್ಟೇಜ್ ಹೇಳೋಕೆ ಮುಂಚೆ ಗ್ರಂಥಿಯಿಂದಲೂ ಸೂಜಿ ಹಾಕಿ ನೋಡ್ತಾರೆ.

ಹಂಗಾದ್ರೆ ಈ ನಾರು ಕೆಟ್ಟದ್ದು, ಕರಗಿಸಿಬಿಡೋಣ ಅನ್ನಿಸುತ್ತೆ ಅಲ್ವಾ? ಅದೂ ಅಷ್ಟು ಸುಲಭ ಅಲ್ಲ. ಮೇದೋಜೀರಕದ ಕ್ಯಾನ್ಸರ್ ಇರೋ ಇಲಿಗಳಲ್ಲಿ ಆ ನಾರು ಹಾಕೋ ಕೋಶಗಳನ್ನೇ ತೆಗೆದು ನೋಡಿದ್ರು, 2014ರಲ್ಲಿ ಪ್ರಕಟ ಆಯ್ತು, ಇಲಿಗಳು ಇನ್ನೂ ಬೇಗ ಸತ್ತವು. ಅಂದ್ರೆ ಅದೇ ಅಂಗಾಂಶ ಒಂದು ಕೈಯಲ್ಲಿ ಗಡ್ಡೆನ ಸಾಕ್ತಿದೆ, ಇನ್ನೊಂದು ಕೈಯಲ್ಲಿ ಹಿಡಿದಿಟ್ಕೊಂಡೂ ಇದೆ.

ಲಿಂಫೋಸೈಟ್‌ಗಳಿಗೆ ಬರೋಣ. ಅವು ಗಡ್ಡೆ ಒಳಗೇ ನುಗ್ಗಿದ್ರೆ ಸಾಮಾನ್ಯವಾಗಿ ಒಳ್ಳೇ ಲಕ್ಷಣನೇ, ನಾರಲ್ಲಿ ಸಿಕ್ಕಾಕ್ಕೊಂಡು ಅಂಚಲ್ಲೇ ನಿಂತಿದ್ರೆ ಅಷ್ಟು ಉಪಯೋಗ ಇಲ್ಲ. ಒಳಗೆ ಹೋದ್ರೂ ಒಂದು ತೊಡಕಿದೆ, ಲಿಂಫೋಸೈಟ್‌ಗಳಲ್ಲೇ ಒಂದಾದ ಟಿ ಕೋಶ ದಾಳಿ ಮಾಡ್ತಾ ಇಂಟರ್‌ಫೆರಾನ್ ಅನ್ನೋ ಸಂದೇಶ ಬಿಡುತ್ತೆ, ಅದಕ್ಕೆ ಪ್ರತಿಯಾಗಿ ಕ್ಯಾನ್ಸರ್ ಕೋಶ ಮೈಮೇಲೆ ಪಿಡಿ-ಎಲ್1 ಅನ್ನೋ ಪ್ರೋಟೀನ್ ಏರಿಸ್ಕೊಳ್ಳುತ್ತೆ, ಟಿ ಕೋಶದ ಮೈಮೇಲಿರೋ ಪಿಡಿ-1 ಅನ್ನೋ ಪ್ರೋಟೀನ್ ಅದಕ್ಕೆ ಅಂಟಿದ್ರೆ ಟಿ ಕೋಶ ಸುಮ್ನಾಗುತ್ತೆ. ಪಿಡಿ-1 ಗುರುತಿಸಿದ್ದು 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ಲ್ಯಾಬಲ್ಲಿ, 2018ರ ನೊಬೆಲ್ ಅವರಿಗೂ ಅಮೆರಿಕದ ವಿಜ್ಞಾನಿ ಜೇಮ್ಸ್ ಆಲಿಸನ್ ಅವರಿಗೂ ಬಂತು. ಪೆಂಬ್ರೋಲಿಜುಮ್ಯಾಬ್, ನಿವೋಲುಮ್ಯಾಬ್ ಇಂಜೆಕ್ಷನ್‌ಗಳು ಆ ಅಂಟನ್ನೇ ಬಿಡಿಸೋದು, ಇಂಥ ಚಿಕಿತ್ಸೆಗೆ ಇಮ್ಯುನೋಥೆರಪಿ ಅಂತಾರೆ. ಅಂದ್ರೆ ಇಲ್ಲಿ ಇಮ್ಯುನಿಟಿ ಕಮ್ಮಿ ಆಗಿಲ್ಲ ಸ್ವಾಮಿ, ಕ್ಯಾನ್ಸರ್ ಅದರ ಬ್ರೇಕ್ ಒತ್ತಿ ಹಿಡ್ಕೊಂಡಿದೆ. ಕಷಾಯ ಕುಡಿದ್ರೆ ಆ ಬ್ರೇಕ್ ಬಿಡಲ್ಲ. ಮೆಣಸು ಶುಂಠಿ ಹಾಕಿದ ಮನೆ ಸಾರು ಕುಡೀಲಿ, ಬಾಯಿಗೆ ರುಚಿ, ಯಾರು ಬೇಡ ಅಂತಾರೆ. ಅಂಗಡಿಯಲ್ಲಿ ಸಿಗೋ ಇಮ್ಯುನಿಟಿ ಮಾತ್ರೆ, ಅಮೃತಬಳ್ಳಿ, ಅರಿಶಿನದ ಕ್ಯಾಪ್ಸೂಲ್ ಮಾತ್ರ ಡಾಕ್ಟರನ್ನ ಕೇಳದೆ ಬೇಡ, ಕೋವಿಡ್ ಟೈಮಲ್ಲಿ ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಕೇಸುಗಳು ವರದಿಯಾಗಿವೆ, ಕ್ಯಾನ್ಸರ್ ಔಷಧಿಗಳಲ್ಲಿ ಹಲವು ಲಿವರ್‌ನಲ್ಲೇ ಕರಗಬೇಕಾದಂಥವು.

ಇನ್ನೊಂದು ಮಾತು, ಇದು ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು. ಸಿಗರೇಟು ಸೇದದವರ ಅಡಿನೊಕಾರ್ಸಿನೋಮದಲ್ಲಿ, ಅದ್ರಲ್ಲೂ ಏಷ್ಯಾದ ಹೆಂಗಸರಲ್ಲಿ, ಇಜಿಎಫ್‌ಆರ್ ಜೀನ್ ಬದಲಾವಣೆ ಬಹಳ ಸಾಮಾನ್ಯ. ಅಂಥ ಗಡ್ಡೆಗಳು ಇಮ್ಯುನೋಥೆರಪಿ ಒಂದಕ್ಕೇ ಅಷ್ಟಾಗಿ ಬಗ್ಗಲ್ಲ, ಪಿಡಿ-ಎಲ್1 ಜಾಸ್ತಿ ಇದ್ರೂ ಸಹ. ಅವಕ್ಕೆ ಒಸಿಮರ್ಟಿನಿಬ್ ಥರದ ಮಾತ್ರೆ ಇದೆ, ಇಮ್ಯುನೋಥೆರಪಿ ಕೊಟ್ಟ ಹಿಂದೇನೇ ಆ ಮಾತ್ರೆ ಶುರು ಮಾಡಿದ್ರೆ ಶ್ವಾಸಕೋಶಕ್ಕೇ ಉರಿಯೂತ ಬರೋ ಅಪಾಯ ಹೆಚ್ಚು. ಹಾಗಾಗಿ ಇಂಜೆಕ್ಷನ್‌ಗೆ ದುಡ್ಡು ಹೊಂದಿಸೋಕೆ ಮುಂಚೆ ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಎರಡು ಜೀನ್‌ಗಳ ಟೆಸ್ಟ್ ಆಗಿದ್ಯಾ ಅಂತ ಕೇಳಿ. ಅದಕ್ಕೆ ಎರಡನೇ ಬಯಾಪ್ಸಿಯ ಬ್ಲಾಕ್ ಬೇಕು, ಅಂದ್ರೆ ತೆಗೆದ ತುಣುಕನ್ನ ಮೇಣದಲ್ಲಿ ಅಚ್ಚು ಹಾಕಿಟ್ಟಿರ್ತಾರೆ, ಬರೀ ರಿಪೋರ್ಟ್ ಸಾಲಲ್ಲ, ಲ್ಯಾಬಲ್ಲಿ ಸಹಿ ಹಾಕಿ ಇಸ್ಕೊಳ್ಳಿ.

– ಸಂ.