ಓದುಗರ ಪ್ರಶ್ನೆ: ಸೋಲ್ಷಾರ್ ಮ್ಯಾನೇಜರ್ ಆಗಿ ಫ್ಲಾಪಾ?

ಪ್ರಶ್ನೆ: ಓಲೆ ಗುನ್ನಾರ್ ಸೋಲ್ಷಾರ್ ಫುಟ್ಬಾಲ್ ಆಟಗಾರನಾಗಿ ಹೀರೋ, ಮ್ಯಾನೇಜರ್ ಆಗಿ ಝೀರೋ ಅಂತ ಫ್ರೆಂಡ್ಸ್ ಆಡ್ಕೋತಾರೆ. ಬರೀ ಹಳೇ ಹೆಸರಿಗೇ ಮ್ಯಾಂಚೆಸ್ಟರ್ ಯುನೈಟೆಡ್ ಕೆಲಸ ಕೊಡ್ತಾ?

ಉತ್ತರ: ಹೆಸರು ಕೆಲಸ ಮಾಡ್ತು, ಇಲ್ಲ ಅನ್ನಲ್ಲ. ಆದ್ರೆ 2007ರಲ್ಲಿ ಮಂಡಿ ಕೈಕೊಟ್ಟು ಆಟ ಬಿಟ್ಟೋರು ಸೀದಾ ಹೋಗಿ ದೊಡ್ಡ ಕುರ್ಚೀಲಿ ಕೂರಲಿಲ್ಲ ಸ್ವಾಮಿ, ಮೊದಲು ಯುನೈಟೆಡ್ ರಿಸರ್ವ್ ಟೀಮ್ ನೋಡ್ಕೊಂಡ್ರು, ಆಮೇಲೆ ನಾರ್ವೆಗೆ ಹೋಗಿ ಹಿಂದೆ ತಾವೇ ಆಡಿದ್ದ ಮೋಲ್ಡೆ ಕ್ಲಬ್ಬಿಗೆ 2011ರಲ್ಲಿ ಅದರ ಮೊಟ್ಟಮೊದಲ ಲೀಗ್ ಟೈಟಲ್ ತಂದ್ಕೊಟ್ರು, 2012ರಲ್ಲಿ ಮತ್ತೆ ಲೀಗ್, 2013ರಲ್ಲಿ ನಾರ್ವೆ ಕಪ್. ಮಧ್ಯೆ 2014ರಲ್ಲಿ ವೇಲ್ಸ್ ಕ್ಲಬ್ ಕಾರ್ಡಿಫ್‌ಗೆ ಹೋಗಿದ್ದು ಮಾತ್ರ ಪೂರ್ತಿ ಎಡವಟ್ಟು, ಟೀಮ್ ಕೆಳಗಿನ ಡಿವಿಷನ್‌ಗೆ ಬಿತ್ತು, ಸೆಪ್ಟೆಂಬರ್ ಹೊತ್ತಿಗೆ ಇವ್ರೂ ಹೊರಗೆ. ತಮಾಷೆ ಏನಂದ್ರೆ 2018ರ ಡಿಸೆಂಬರ್‌ನಲ್ಲಿ ಯುನೈಟೆಡ್‌ಗೆ ತಾತ್ಕಾಲಿಕ ಮ್ಯಾನೇಜರ್ ಆಗಿ ಬಂದಾಗ ಮೊದಲ ಮ್ಯಾಚೇ ಆ ಕಾರ್ಡಿಫ್ ಮೇಲೆ, 5-1 ಗೆದ್ರು!

ಅದೂ ಸೇರಿ ಸತತ ಎಂಟು ಗೆಲುವು. ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಮೇಲೆ ಮನೇಲಿ 0-2 ಸೋತು, ಅವ್ರ ಊರಿಗೇ ಹೋಗಿ 3-1 ಗೆದ್ದು ಮುಂದೆ ಹೋದ್ರಲ್ಲ, ಆ ರಾತ್ರಿ ಆದ್ಮೇಲೆ ಬೇರೆ ಯಾರನ್ನಾದ್ರೂ ತಂದಿದ್ರೆ ಫ್ಯಾನ್ಸ್ ಸುಮ್ನಿರ್ತಿದ್ರಾ? 2019ರ ಮಾರ್ಚ್‌ನಲ್ಲಿ ಕೆಲಸ ಪರ್ಮನೆಂಟ್ ಆಯ್ತು.

ನನ್ನ ಲೆಕ್ಕದಲ್ಲಿ ಅಸಲಿ ತೊಂದರೆ ಬೇರೆ. ಆಟಗಾರನಾಗಿದ್ದಾಗ ಅವ್ರ ಸ್ಪೆಷಾಲಿಟಿ ಬದಲಿ ಆಟಗಾರನಾಗಿ ಬೆಂಚಿಂದ ಎದ್ದು ಬಂದು ಗೋಲ್ ಹೊಡೆಯೋದು. ಕೂತ್ಕೊಂಡೇ ಎದುರಾಳಿ ಡಿಫೆಂಡರ್‌ಗಳು ಎಲ್ಲಿ ಜಾಗ ಬಿಡ್ತಾರೆ ಅಂತ ನೋಡ್ಕೊಂಡಿರೋರು, 1999ರ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ ಹಂಗೇ ತಡವಾಗಿ ಬಂದು ನಾಲ್ಕು ಗೋಲ್. ಮ್ಯಾನೇಜರ್ ಆದಾಗ ಅವ್ರ ಟೀಮೂ ಅಂಥದ್ದೇ ಆಗಿತ್ತು. ಎದುರಾಳಿ ಮುಂದೆ ನುಗ್ಗಿ ಹಿಂದೆ ಜಾಗ ಬಿಟ್ರೆ ತಟಕ್ಕನೆ ತಿರುಗಿ ನುಗ್ಗೋ ಕೌಂಟರ್‌ನಲ್ಲಿ ಚಿಂದಿ, 2020-21ರ ಲೀಗ್‌ನಲ್ಲಿ ಎದುರಾಳಿ ಊರಲ್ಲಿ ಆಡಿದ ಮ್ಯಾಚ್ ಒಂದನ್ನೂ ಸೋಲಲಿಲ್ಲ, ಎರಡನೇ ಸ್ಥಾನ. ಎದುರಾಳಿ ಬಾಗಿಲು ಹಾಕ್ಕೊಂಡು ಕೂತ್ರೆ ಮಾತ್ರ ಏನ್ ಮಾಡ್ಬೇಕು ಅಂತ ಗೊತ್ತಾಗ್ತಿರಲಿಲ್ಲ. ನಾಲ್ಕು ಸೆಮಿಫೈನಲ್ ಸೋತ್ರು, ಆಮೇಲೆ ಯುರೋಪಾ ಲೀಗ್ ಫೈನಲ್‌ನಲ್ಲಿ ವಿಲ್ಲಾರಿಯಲ್ ಮೇಲೆ ಪೆನಾಲ್ಟಿಯಲ್ಲಿ 11-10 ಸೋಲು. ತಾರೀಕು 2021ರ ಮೇ 26. ಚಾಂಪಿಯನ್ಸ್ ಲೀಗ್ ಫೈನಲಲ್ಲಿ ಜರ್ಮನಿಯ ಬಾಯರ್ನ್ ಮೇಲೆ ಯುನೈಟೆಡ್ಡನ್ನ ಗೆಲ್ಲಿಸಿದ ಆ ಇಂಜುರಿ ಟೈಮ್ ಗೋಲನ್ನ ಸೋಲ್ಷಾರ್ ಹೊಡೆದಿದ್ದೂ 1999ರ ಮೇ 26ಕ್ಕೇ!

ಅದಾಗಿ ರೊನಾಲ್ಡೊ ವಾಪಸ್ ಬಂದ್ರು, ಟೀಮ್ ಬ್ಯಾಲೆನ್ಸ್ ಹೋಯ್ತು, ಲಿವರ್‌ಪೂಲ್ ಬಂದು 5-0 ಹೊಡೆದು ಹೋಯ್ತು, ನವೆಂಬರ್‌ನಲ್ಲಿ ವಾಟ್‌ಫರ್ಡ್ ಮೇಲೆ 4-1 ಸೋತ ಮಾರನೇ ದಿನ ಕೆಲಸ ಹೋಯ್ತು. ಕಪ್ ಇಲ್ಲ ಅನ್ನೋದು ನಿಜ. ಆದ್ರೆ ಎರಡನೇ ಸ್ಥಾನ, ಒಂದು ಫೈನಲ್, ಇದಕ್ಕೆ ಝೀರೋ ಅನ್ನೋದಾದ್ರೆ ನಿಮ್ ಫ್ರೆಂಡ್ಸ್ ಮಾರ್ಕ್ಸ್ ಕೊಡೋದ್ರಲ್ಲಿ ಭಾರಿ ಜಿಪುಣರು ಬಿಡಿ.

ಪ್ರಶ್ನೆ: ಫಾರ್ವರ್ಡ್, ಅಂದ್ರೆ ಮುಂದೆ ನಿಂತು ಗೋಲ್ ಹೊಡೆಯೋ ಜಾಗದಲ್ಲಿ ಆಡಿದೋರು ಒಳ್ಳೇ ಮ್ಯಾನೇಜರ್ ಆಗಲ್ಲ, ಮಿಡ್‌ಫೀಲ್ಡರ್‌ಗಳೇ ಆಗೋದು ಅಂತಾರಲ್ಲ?

ಉತ್ತರ: ಹೇಳೋರಿಗೆ ಯುನೈಟೆಡ್ಡಿನ ಹಳೇ ಮ್ಯಾನೇಜರ್ ಫರ್ಗ್ಯೂಸನ್ ಏನು ಆಡ್ತಿದ್ರು ಅಂತ ಕೇಳಿ ನೋಡಿ. ಅವ್ರೂ ಫಾರ್ವರ್ಡೇ, ಸ್ಕಾಟ್ಲೆಂಡಿನ ರೇಂಜರ್ಸ್‌ಗೆ ಆಡಿದೋರು. ಡಾಲ್ಗ್ಲಿಶ್ ಲಿವರ್‌ಪೂಲ್‌ನಲ್ಲಿ ಆಡ್ಕೊಂಡೇ ಮ್ಯಾನೇಜರ್ ಆಗಿ 1985-86ರಲ್ಲಿ ಲೀಗು, ಎಫ್‌ಎ ಕಪ್ಪು ಎರಡೂ ಗೆದ್ರು. ಜರ್ಮನಿಯ ಲೀಗ್ ಬುಂಡೆಸ್‌ಲೀಗಾದಲ್ಲಿ 220 ಗೋಲ್ ಹೊಡೆದ ಯುಪ್ ಹೈಂಕೆಸ್ 2013ರಲ್ಲಿ ಬಾಯರ್ನ್‌ಗೆ ಲೀಗು, ಜರ್ಮನ್ ಕಪ್ಪು, ಚಾಂಪಿಯನ್ಸ್ ಲೀಗು ಮೂರೂ ಟ್ರೋಫಿ ತಂದ್ರು, ಅದೇ ಮನುಷ್ಯನನ್ನ 1998ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ಮೇಲೂ ರಿಯಲ್ ಮ್ಯಾಡ್ರಿಡ್ ಕಳಿಸಿಬಿಟ್ಟಿತ್ತು. ಈ ಕೆಲಸದಲ್ಲಿ ಗೆದ್ರೂ ಗ್ಯಾರಂಟಿ ಇಲ್ಲ.

ಪ್ರಶ್ನೆ: ಯುನೈಟೆಡ್ ಬಿಟ್ಮೇಲೆ ಸೋಲ್ಷಾರ್ ಏನ್ ಮಾಡಿದ್ರು?

ಉತ್ತರ: ಮೂರು ವರ್ಷ ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗ್ಲಿಲ್ಲ. 2025ರ ಜನವರಿಯಲ್ಲಿ ಟರ್ಕಿಯ ಬೆಷಿಕ್ತಾಷ್ ಕರೀತು, ಆಗಸ್ಟ್‌ನಲ್ಲಿ ಕಾನ್ಫರೆನ್ಸ್ ಲೀಗ್ ಪ್ಲೇಆಫ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಮೇಲೆ ಸೋತ ರಾತ್ರಿಯೇ ಅವ್ರೂ ಕೈಬಿಟ್ರು.