ಸಮುದ್ರದಲ್ಲಿ ಮುಳುಗಿ ಎದ್ದ ರೋಮನ್ ಮಾರುಕಟ್ಟೆಯ ಮೂರು ಕಂಬಗಳು

ಪ್ರಾಚೀನ ರೋಮ್ ಅಥವಾ ಇಟಲಿಯ ಇತಿಹಾಸ ಮತ್ತು ವಿಜ್ಞಾನ ಎರಡಕ್ಕೂ ಸಂಬಂಧಿಸಿದ, ಅಷ್ಟಾಗಿ ಪ್ರಚಾರಕ್ಕೆ ಬಾರದ ಒಂದು ವಿಚಿತ್ರ ಸಂಗತಿಯನ್ನು ಹೇಳಿ, ನೀರೋ ಮತ್ತು ಕೊಲೋಸಿಯಂ ಮಾತ್ರ ಬೇಡ ಎಂದು ಕೇಳಿದ್ದೀರಿ. ನನ್ನ ಆಯ್ಕೆ ಪೊಟ್ಸುವೊಲಿ ಪಟ್ಟಣದಲ್ಲಿ ಇಂದಿಗೂ ನಿಂತಿರುವ ಮೂರು ಅಮೃತಶಿಲೆಯ ಕಂಬಗಳು.

ಪೊಟ್ಸುವೊಲಿ ಇರುವುದು ನೇಪಲ್ಸ್ ನಗರದ ಪಶ್ಚಿಮಕ್ಕೆ, ಕಡಲಂಚಿನಲ್ಲಿ. ರೋಮನ್ನರು ಅದನ್ನು ಪುಟಿಯೊಲಿ ಎನ್ನುತ್ತಿದ್ದರು. ರೋಮ್ ನಗರದ ಸಮೀಪದಲ್ಲೇ ದೊಡ್ಡ ಬಂದರು ನಿರ್ಮಾಣವಾಗುವ ಮೊದಲು ಅಲೆಕ್ಸಾಂಡ್ರಿಯಾದಿಂದ ಧಾನ್ಯ ಹೊತ್ತು ಬರುವ ಹಡಗುಗಳು ಲಂಗರು ಹಾಕುತ್ತಿದ್ದುದು ಇಲ್ಲಿಯೇ. ಇಂಥ ಶ್ರೀಮಂತ ಬಂದರಿಗೆ ತಕ್ಕಂತೆ ಕ್ರಿ.ಶ. ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದು ಭವ್ಯ ಮಾರುಕಟ್ಟೆಯನ್ನು ಕಟ್ಟಲಾಯಿತು. 1750ರಲ್ಲಿ ನೇಪಲ್ಸ್‌ನ ಬೂರ್ಬನ್ ದೊರೆಯ ಆಳ್ವಿಕೆಯಲ್ಲಿ ಅಗೆತ ನಡೆದಾಗ ಸೆರಾಪಿಸ್ ಎಂಬ ಈಜಿಪ್ಟ್ ಮೂಲದ ದೇವರ ವಿಗ್ರಹವೊಂದು ಸಿಕ್ಕಿದ್ದರಿಂದ ಎಲ್ಲರೂ ಅದನ್ನು ದೇವಾಲಯವೆಂದೇ ಭಾವಿಸಿದರು. ಮಾರುಕಟ್ಟೆ ಎಂಬುದು ತಿಳಿದ ಮೇಲೂ ‘ಸೆರಾಪಿಸ್ ಗುಡಿ’ ಎಂಬ ಹೆಸರು ಬಿಟ್ಟುಹೋಗಲಿಲ್ಲ.

ಕಂಬಗಳು ಒಂದೊಂದೂ ಹನ್ನೆರಡು ಮೀಟರಿಗಿಂತ ಎತ್ತರದ ಏಕಶಿಲೆಗಳು. ಬುಡದಿಂದ ಸುಮಾರು 3.6 ಮೀಟರ್‌ವರೆಗೆ ಮೇಲ್ಮೈ ನಯವಾಗಿದೆ. ಅದರ ಮೇಲಿನ ಸುಮಾರು 2.7 ಮೀಟರ್ ಭಾಗ ಮಾತ್ರ ಒರಟಾಗಿ, ಕಪ್ಪಾಗಿ, ಬೆರಳು ತೂರುವಂಥ ರಂಧ್ರಗಳಿಂದ ತುಂಬಿದೆ. ಅದಕ್ಕೂ ಮೇಲೆ ಮತ್ತೆ ರಂಧ್ರಗಳಿಲ್ಲ. ಇವನ್ನು ಕೊರೆದದ್ದು ಲಿಥೊಫ್ಯಾಗ ಎಂಬ ಸಮುದ್ರದ ಚಿಪ್ಪುಜೀವಿ. ನಮ್ಮ ಕರಾವಳಿಯವರು ತಿನ್ನುವ ಪಚ್ಚಿಲೆಯ ಕುಟುಂಬಕ್ಕೇ ಸೇರಿದ ಈ ಪ್ರಾಣಿ ತನ್ನ ದೇಹದಿಂದ ಒಸರುವ ರಾಸಾಯನಿಕದ ಬಲದಿಂದ ಸುಣ್ಣಕಲ್ಲನ್ನೂ ಅಮೃತಶಿಲೆಯನ್ನೂ ಕರಗಿಸುತ್ತಾ ಒಳಗೆ ಮನೆ ಮಾಡಿಕೊಳ್ಳುತ್ತದೆ. ಇದು ಬಹಳ ನಿಧಾನವಾಗಿ ಬೆಳೆಯುವ ಜೀವಿ, ನೀರಿಲ್ಲದೆ ಬದುಕುವುದೂ ಇಲ್ಲ. ಎಂದರೆ, ಒಣ ನೆಲದ ಮೇಲೆ ಕಟ್ಟಿದ ಮಾರುಕಟ್ಟೆಯ ಕಂಬಗಳು ಆ ಎತ್ತರದವರೆಗೆ ಹಲವು ವರ್ಷ ಕಡಲಿನಲ್ಲಿ ಮುಳುಗಿದ್ದು, ಅನಂತರ ಹೊರಬಂದಿವೆ. ಕೆಳಭಾಗ ಆ ಹೊತ್ತಿಗಾಗಲೇ ಬೂದಿ, ಕೆಸರು, ಕಲ್ಲುಮಣ್ಣುಗಳಲ್ಲಿ ಹೂತುಹೋಗಿದ್ದರಿಂದ ಚಿಪ್ಪುಜೀವಿಗಳ ಬಾಯಿಂದ ಪಾರಾಯಿತು.

ಹಾಗಾದರೆ ಏರಿದ್ದು ಸಮುದ್ರವೋ, ಇಳಿದದ್ದು ನೆಲವೋ? 1787ರಲ್ಲಿ ಇಲ್ಲಿಗೆ ಬಂದಿದ್ದ ಜರ್ಮನ್ ಕವಿ ಗಯಟೆ ಇವೆರಡನ್ನೂ ಒಪ್ಪಲಿಲ್ಲ. ಜ್ವಾಲಾಮುಖಿಯ ಬೂದಿ ಅಡ್ಡಗಟ್ಟಿ ಅಲ್ಲೊಂದು ಕೊಳ ನಿಂತಿತ್ತು, ಚಿಪ್ಪುಗಳು ಅದರಲ್ಲಿ ಬೆಳೆದವು ಎಂಬುದು ಅವನ ವಾದ. ಜಾಣತನದ ಊಹೆಯೇ, ಆದರೆ ತಪ್ಪು. 1828ರಲ್ಲಿ ಭೇಟಿ ಕೊಟ್ಟ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅಮೃತಶಿಲೆಯ ನೆಲಹಾಸಿನ ಒಂದೂವರೆ ಮೀಟರ್‌ನಷ್ಟು ಕೆಳಗೆ ಇನ್ನೂ ಹಳೆಯ ಮೊಸಾಯಿಕ್ ನೆಲವೊಂದು ಪತ್ತೆಯಾದುದನ್ನು ದಾಖಲಿಸಿದ. ರೋಮನ್ನರ ಕಾಲದಲ್ಲೇ ನೆಲ ಕುಸಿಯತೊಡಗಿತ್ತು, ಅವರು ಅದರ ಮೇಲೆ ಹೊಸ ನೆಲ ಹಾಸಿಕೊಂಡಿದ್ದರು ಎಂಬುದಕ್ಕೆ ನನಗೆ ಇದಕ್ಕಿಂತ ಚೆಂದದ ಸಾಕ್ಷಿ ಕಾಣುವುದಿಲ್ಲ. ಕಡಲೇ ಅಷ್ಟು ಏರಿ ಇಳಿದಿದ್ದರೆ ಮೆಡಿಟರೇನಿಯನ್ ತೀರದುದ್ದಕ್ಕೂ ಅದರ ಗುರುತು ಉಳಿಯಬೇಕಿತ್ತು, ಆದ್ದರಿಂದ ಚಲಿಸಿದ್ದು ನೆಲವೇ, ಅದೂ ಕಂಬಗಳನ್ನು ಬೀಳಿಸದಷ್ಟು ಮೆಲ್ಲಗೆ ಎಂದು ಲಯೆಲ್ ವಾದಿಸಿದ. 1830ರಲ್ಲಿ ಹೊರಬಂದ ಅವನ ‘ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ’ ಗ್ರಂಥದ ಮುಖಚಿತ್ರವೇ ಈ ಮೂರು ಕಂಬಗಳು. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಕೂಡ ಇವನ್ನು ಪರಿಶೀಲಿಸಿ, ಭೂಮಿಯೊಳಗಿನ ಶಿಲೆಗಳು ಕಾದು ಹಿಗ್ಗುವುದೂ ತಣಿದು ಕುಗ್ಗುವುದೂ ಇದಕ್ಕೆ ಕಾರಣವಿರಬೇಕು ಎಂದು ಬರೆದ.

ಇಂದು ನಮಗೆ ತಿಳಿದಿರುವಂತೆ ಇಡೀ ಪಟ್ಟಣವೇ ಕಾಂಪಿ ಫ್ಲೆಗ್ರೆಯಿ ಎಂಬ ವಿಶಾಲ ಜ್ವಾಲಾಮುಖಿಯ ಬಾಯೊಳಗಿದೆ. ಸುಮಾರು 40,000 ವರ್ಷಗಳ ಹಿಂದಿನ ಅದರ ಮಹಾಸ್ಫೋಟ ಯುರೋಪಿನ ಅತಿ ದೊಡ್ಡ ಸ್ಫೋಟಗಳಲ್ಲೊಂದು. ಆಳದಲ್ಲಿ ಶಿಲಾಪಾಕ, ಅನಿಲ, ಬಿಸಿನೀರುಗಳ ಒತ್ತಡ ಹೆಚ್ಚಿದಾಗ ನೆಲ ಉಬ್ಬುತ್ತದೆ, ತಗ್ಗಿದಾಗ ಕುಸಿಯುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕಡಲು ಹಿಂದೆ ಸರಿದು ಹೊಸ ಭೂಮಿ ಮೇಲೇಳತೊಡಗಿದಾಗ, 1503 ಮತ್ತು 1511ರಲ್ಲಿ ಆ ಜಾಗವನ್ನು ಊರಿಗೆ ಬಿಟ್ಟುಕೊಡುವ ರಾಜಶಾಸನಗಳು ಹೊರಟವು. ಪ್ರಕೃತಿಯ ಎಚ್ಚರಿಕೆಯನ್ನು ಕಂದಾಯದ ವ್ಯವಹಾರವಾಗಿ ನೋಡಿದ ಈ ಪ್ರಸಂಗ ನನಗೆ ತುಂಬಾ ಇಷ್ಟ. 1538ರ ಸೆಪ್ಟೆಂಬರ್ 29ರಂದು ಭೂಮಿ ಬಾಯಿಬಿಟ್ಟು, ಸುಮಾರು ಒಂದು ವಾರದೊಳಗೆ ‘ಮೊಂಟೆ ನುವೊವೊ’, ಎಂದರೆ ಹೊಸ ಬೆಟ್ಟ, ಎದ್ದು ನಿಂತಿತು. ಟ್ರಿಪೆರ್ಗೊಲೆ ಎಂಬ ಹಳ್ಳಿ ಅದರಡಿ ಸೇರಿತು.

ಕಂಬಗಳು ಒಮ್ಮೆ ಮುಳುಗಿ ಒಮ್ಮೆ ಎದ್ದವು ಎಂಬ ಸರಳ ಚಿತ್ರವೂ ಈಗ ಬದಲಾಗಿದೆ. ಚಿಪ್ಪುಗಳ ರೇಡಿಯೋಕಾರ್ಬನ್ ಕಾಲನಿರ್ಣಯವನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನೆಲ ಕುಸಿದು ಸಮುದ್ರ ಏಳು ಮೀಟರ್‌ನಷ್ಟು ಎತ್ತರಕ್ಕೆ ಬಂದದ್ದು ಮೂರು ಸಲ: ಐದನೆಯ ಶತಮಾನದಲ್ಲಿ, ಮಧ್ಯಯುಗದ ಆರಂಭದಲ್ಲಿ, ಮತ್ತು 1538ರ ಸ್ಫೋಟಕ್ಕೆ ಮೊದಲು. ಪ್ರತಿ ಸಲವೂ ಅನಂತರ ನೆಲ ಮತ್ತೆ ಉಬ್ಬಿದೆ, ಆದರೆ ಪ್ರತಿ ಸಲವೂ ಸ್ಫೋಟವಾಗಿಲ್ಲ. ಎಂದರೆ ನೆಲ ಉಬ್ಬಿದಾಗಲೆಲ್ಲ ಸ್ಫೋಟವಾಗಲೇಬೇಕೆಂದಿಲ್ಲ. ಅಲ್ಲಿ ಬದುಕುತ್ತಿರುವ ಜನರಿಗೆ ಇದು ಬರೀ ಚರಿತ್ರೆಯ ವಿಷಯವಲ್ಲ. 1970ರ ಮಾರ್ಚ್‌ನಲ್ಲಿ ರಿಯೋನೆ ಟೆರ್ರಾ ಎಂಬ ಹಳೆಯ ಕೇರಿಯನ್ನು ಪೂರ್ತಿ ತೆರವುಗೊಳಿಸಲಾಯಿತು. 1982ರಿಂದ 1984ರವರೆಗೆ ನೆಲ ಸುಮಾರು 1.8 ಮೀಟರ್ ಏರಿದಾಗ ಸುಮಾರು 40,000 ಮಂದಿ ಮನೆ ಬಿಡಬೇಕಾಯಿತು, ದೋಣಿಗಳು ತಲುಪಲಾರದಷ್ಟು ಎತ್ತರಕ್ಕೆ ಹೋದ ಬಂದರಿನ ಧಕ್ಕೆಯ ಮುಂದೆ ಇನ್ನೊಂದು ತಗ್ಗಿನ ಧಕ್ಕೆ ಕಟ್ಟಬೇಕಾಯಿತು. 2005ರ ಬಳಿಕ ನೆಲ ಮತ್ತೆ ಏರುತ್ತಿದೆ. 2024ರ ಮೇ ತಿಂಗಳಲ್ಲಿ 4.4ರ, 2025ರಲ್ಲಿ 4.6ರ ತೀವ್ರತೆಯ ಭೂಕಂಪಗಳೂ ಆಗಿವೆ.

ಅತ್ತ ಹೋಗುವ ಅವಕಾಶ ನಿಮಗೆ ಒದಗಿದರೆ, ನೇಪಲ್ಸ್‌ನ ಮೊಂಟೆಸಾಂಟೊ ನಿಲ್ದಾಣದಿಂದ ಕುಮಾನಾ ಮಾರ್ಗದ ರೈಲು ಪೊಟ್ಸುವೊಲಿಗೆ ಹೋಗುತ್ತದೆ. ಮಾರುಕಟ್ಟೆಯ ಅವಶೇಷ ಊರಿನ ನಡುವೆಯೇ, ರಸ್ತೆಯ ಮಟ್ಟಕ್ಕಿಂತ ಕೆಳಗಿರುವುದರಿಂದ ಹೊರಗಿನ ಕಟಕಟೆಯ ಬಳಿ ನಿಂತರೂ ಕಂಬಗಳ ಮೇಲಿನ ಕಪ್ಪು ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ.