ಬೆನ್ನನ್ನು ಬೈಯುವ ಮೊದಲು ಪುಸ್ತಕವನ್ನು ಮೇಲೆತ್ತಿ

ಓದಲು ಕುಳಿತಾಗ ಬೆನ್ನು ನೆಟ್ಟಗಿಡಬೇಕೆಂದು ಎಷ್ಟು ನಿಶ್ಚಯ ಮಾಡಿದರೂ ಎರಡು ಪುಟ ಮುಗಿಯುವಷ್ಟರಲ್ಲಿ ಗೂನಾಗಿರುತ್ತೇನೆ, ಈ ಶಿಸ್ತನ್ನು ಬೆಳೆಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಇದು ಶಿಸ್ತಿನ ಪ್ರಶ್ನೆಯೇ ಅಲ್ಲ. ಓದಿನಲ್ಲಿ ಮುಳುಗಿದವರಿಗೆ ಬೆನ್ನಿನ ನೆನಪು ಇರುವುದಿಲ್ಲ, ಇರಲೂಬಾರದು. ಕಣ್ಣು ಹೋದಲ್ಲಿಗೆ ತಲೆ ಹೋಗುತ್ತದೆ, ತಲೆಯ ಹಿಂದೆ ಕುತ್ತಿಗೆ, ಅದರ ಹಿಂದೆ ಬೆನ್ನು. ಪುಸ್ತಕ ತೊಡೆಯ ಮೇಲೋ ಮೇಜಿನ ಮೇಲೋ ಅಂಗಾತ ಬಿದ್ದಿರುವವರೆಗೂ ನೀವು ಬಾಗುತ್ತಲೇ ಇರುತ್ತೀರಿ. ಆದ್ದರಿಂದ ಮೊದಲು ಬದಲಿಸಬೇಕಾದದ್ದು ಪುಸ್ತಕದ ಜಾಗವನ್ನು.

ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ತಲೆ ಭುಜಗಳ ನೇರಕ್ಕೆ ಇದ್ದಾಗ ಆ ಭಾರದ ಬಹುಪಾಲು ಕುತ್ತಿಗೆಯ ಏಳು ಮೂಳೆಗಳ ಮೇಲೆ ಕುಳಿತಿರುತ್ತದೆ. ಮುಂದಕ್ಕೆ ಬಾಗಿದರೆ ಅದನ್ನು ಹಿಂದಿನಿಂದ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. ಕೆನೆತ್ ಹನ್ಸ್‌ರಾಜ್ ಎಂಬ ಶಸ್ತ್ರವೈದ್ಯರು 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ತಲೆ 15 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲಿನ ಹೊರೆ ಸುಮಾರು 12 ಕಿಲೋ, 30 ಡಿಗ್ರಿಗೆ 18, 60 ಡಿಗ್ರಿಗೆ 27. ಇದು ಕಂಪ್ಯೂಟರ್ ಮಾದರಿಯ ಲೆಕ್ಕ, ಜೀವಂತ ದೇಹದಲ್ಲಿ ಅಳೆದದ್ದಲ್ಲ. ಹಾಗಾಗಿ ಈ ಅಂಕಿಗಳನ್ನು ಕಂಡು ಹೆದರಬೇಕಿಲ್ಲ. ಆದರೆ ಬಾಗಿದಷ್ಟೂ ಹೊರೆ ಏರುತ್ತದೆ ಎಂಬುದು ಸಂಜೆಯ ಹೊತ್ತಿಗೆ ಮರಗಟ್ಟುವ ಪ್ರತಿಯೊಂದು ಕುತ್ತಿಗೆಗೂ ಗೊತ್ತು.

ಮೇಜಿನ ಮೇಲೆ ಓದುವುದಾದರೆ ಪುಸ್ತಕವನ್ನು ಓರೆಯಾಗಿ ನಿಲ್ಲಿಸುವ ಸ್ಟ್ಯಾಂಡ್ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ನಾಲ್ಕು ದಪ್ಪ ಪುಸ್ತಕಗಳನ್ನು ಪೇರಿಸಿ, ಓದುವ ಪುಸ್ತಕವನ್ನು ಅದಕ್ಕೆ ಒರಗಿಸಿದರೂ ಸಾಕು. ಪುಟ ಕಣ್ಣಿನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ದೃಷ್ಟಿಗಿಂತ ಸ್ವಲ್ಪವೇ ಕೆಳಗೆ ಇರಲಿ. ಕೈಯಲ್ಲಿ ಹಿಡಿದೇ ಓದುವವರು ತೊಡೆಯ ಮೇಲೆ ಒಂದು ದಪ್ಪ ದಿಂಬು ಇಟ್ಟು ಮುಂಗೈಗಳನ್ನು ಅದರ ಮೇಲೆ ಊರಬೇಕು. ಆಸರೆಯಿಲ್ಲದ ಕೈ ಬೇಗ ಸೋಲುತ್ತದೆ, ಪುಸ್ತಕ ಇಂಚಿಂಚಾಗಿ ಕೆಳಗಿಳಿಯುತ್ತದೆ, ಅದರೊಂದಿಗೆ ತಲೆಯೂ ಇಳಿಯುತ್ತದೆ. ಇದೊಂದನ್ನು ಸರಿಪಡಿಸಿದರೆ ಅರ್ಧ ತೊಂದರೆ ಕಳೆಯುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಕುಳಿತುಕೊಳ್ಳುವ ರೀತಿ. "ನೆಟ್ಟಗೆ" ಎಂದರೆ ಕೋಲಿನಂತೆ ಸೆಟೆದುಕೊಳ್ಳುವುದಲ್ಲ. ಸೊಂಟದ ಬಳಿ ಬೆನ್ನುಮೂಳೆಗೆ ಒಳಮುಖವಾದ ಸಹಜ ಬಾಗು ಇದೆ. ಕುಳಿತಾಗ ಸೊಂಟದ ಮೂಳೆ ಹಿಂದಕ್ಕೆ ವಾಲುವುದರಿಂದ ಆ ಬಾಗು ಚಪ್ಪಟೆಯಾಗುತ್ತದೆ, ಮೇಲಿನ ಬೆನ್ನು ಗೂನಾಗುತ್ತದೆ. ಆದ್ದರಿಂದ ಕುರ್ಚಿಯ ತೀರಾ ಹಿಂಬದಿಗೆ ಸರಿದು ಕುಳಿತು, ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟು, ನಿಶ್ಚಿಂತೆಯಿಂದ ಒರಗಿ. ಸ್ವಲ್ಪ ಹಿಂದಕ್ಕೆ ವಾಲಿದ ಕುರ್ಚಿಯಲ್ಲಿ ಒರಗಿ ಓದುವುದು ಸೋಮಾರಿತನವಲ್ಲ, ಬೆನ್ನಿಗೆ ಅದು ಹಿತ. ಪಾದಗಳು ನೆಲಕ್ಕೆ ತಾಗದಿದ್ದರೆ ಕೆಳಗೆ ಮಣೆ ಇಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು ಮಡಿಸಿದ ಕಂಬಳಿಯ ಮೇಲೆ ಕುಳಿತು, ಮಂಡಿಗಳು ಸೊಂಟಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಲಿ.

ಇಷ್ಟೆಲ್ಲ ಮಾಡಿದರೂ ಮುಖ ಪುಟದತ್ತ ಜಾರುತ್ತಿದ್ದರೆ ಬೆಳಕನ್ನೂ ಕನ್ನಡಕವನ್ನೂ ಅನುಮಾನಿಸಿ. ಅಕ್ಷರ ಕಾಣದವರು ಬಾಗದೆ ಇನ್ನೇನು ಮಾಡಿಯಾರು? ಕನ್ನಡಕದ ಕೆಳಭಾಗದಿಂದ ಓದುವವರಲ್ಲಿ ಇನ್ನೊಂದು ತೊಡಕಿದೆ. ಅವರಿಗೆ ಪುಸ್ತಕ ತೀರಾ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿ ಕುತ್ತಿಗೆ ಹಿಂದಕ್ಕೆ ಮಡಚಬೇಕಾಗುತ್ತದೆ. ಅಂಥವರು ಪುಸ್ತಕವನ್ನು ತುಸು ತಗ್ಗಿಸಿಕೊಳ್ಳಬೇಕು.

ಎಷ್ಟೇ ಒಳ್ಳೆಯ ಭಂಗಿಯಾದರೂ ಅದರಲ್ಲೇ ಗಂಟೆಗಟ್ಟಲೆ ಅಲುಗಾಡದೆ ಕೂರಬೇಡಿ. ದೊಡ್ಡವರ ಬೆನ್ನುಮೂಳೆಯ ಡಿಸ್ಕ್‌ಗಳ, ಅಂದರೆ ಮೂಳೆಗಳ ನಡುವಿನ ಮೆತ್ತೆಗಳ, ಬಹುಭಾಗದಲ್ಲಿ ರಕ್ತನಾಳಗಳಿಲ್ಲ. ಪೋಷಕಾಂಶಗಳು ಅಕ್ಕಪಕ್ಕದ ಅಂಗಾಂಶಗಳಿಂದ ನಿಧಾನವಾಗಿ ಒಳಗೆ ಒಸರಬೇಕು, ಮೈ ಅಲುಗಾಡುವುದು ಅದಕ್ಕೆ ನೆರವಾಗುತ್ತದೆ. ಅಧ್ಯಾಯ ಮುಗಿದಾಗ, ಇಲ್ಲವೇ ಅರ್ಧ ಗಂಟೆಗೊಮ್ಮೆ, ಎದ್ದು ನಾಲ್ಕು ಹೆಜ್ಜೆ ಹಾಕಿ. ಕೆಲವು ಪುಟಗಳನ್ನು ನಿಂತೇ ಓದಿ. ಹೊಟ್ಟೆಯ ಮೇಲೆ ಮಲಗಿ ತಲೆ ಎತ್ತಿ ಓದುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ನೋವು ಕುತ್ತಿಗೆಯಿಂದ ತೋಳಿಗೆ ಇಳಿಯುತ್ತಿದ್ದರೆ, ಬೆರಳುಗಳು ಜೋಮು ಹಿಡಿಯುತ್ತಿದ್ದರೆ ಅಥವಾ ಹಿಡಿತ ಸಡಿಲವಾಗುತ್ತಿದ್ದರೆ ದಿಂಬು, ಟವೆಲ್‌ಗಳ ಪ್ರಯೋಗದಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿ.